ಕಡಲಕುದುರೆ ಕೊಳ್ಳುವಾಗ: ಎಲ್ಲಿ ಹುಟ್ಟಿದ್ದು, ಯಾವ ಜಾತಿ, ಏನು ತಿನ್ನುತ್ತದೆ

ಕಡಲಕುದುರೆಗೆ ಹಲ್ಲಿಲ್ಲ, ಜಠರವೂ ಇಲ್ಲ. ಕೊಳವೆಯಂಥ ಮೂತಿಯಿಂದ ಪುಟ್ಟ ಸೀಗಡಿಯನ್ನು ಇಡಿಯಾಗಿ ಹೀರಿಕೊಳ್ಳುತ್ತದೆ. ಅದು ನೇರ ಕರುಳಿಗೆ ಇಳಿದು ಅರೆಬರೆ ಜೀರ್ಣವಾಗಿ ಬೇಗನೆ ಹೊರಬೀಳುತ್ತದೆ. ಅಕ್ವೇರಿಯಂನ ಬೇರೆ ಮೀನುಗಳು ಮೂರು ನಾಲ್ಕು ದಿನ ಉಪವಾಸವಿದ್ದರೂ ಸುಧಾರಿಸಿಕೊಳ್ಳುತ್ತವೆ. ಇದಕ್ಕೆ ದಿನಕ್ಕೆ ಎರಡು ಮೂರು ಸಲ ಊಟ ಬೇಕೇ ಬೇಕು. ಬಲೆಯಿಂದ ಬಕೆಟ್ಟಿಗೆ, ಅಲ್ಲಿಂದ ರಫ್ತುದಾರನ ಗೋದಾಮಿಗೆ, ವಿಮಾನಕ್ಕೆ, ಸಗಟು ವ್ಯಾಪಾರಿಗೆ, ಕೊನೆಗೆ ಅಂಗಡಿಗೆ ಬಂದ ಕುದುರೆ ಪ್ರತಿ ಮೆಟ್ಟಿಲಲ್ಲೂ ಒಂದೆರಡು ದಿನ ಹಸಿದಿರುತ್ತದೆ. ಗಾಜಿನಾಚೆ ಚೆಂದವಾಗಿ ನಿಂತಿದ್ದರೂ ಒಳಗೆ ಅದು ಆಗಲೇ ಸೋತಿರುತ್ತದೆ. ಮನೆಗೆ ತಂದ ಹತ್ತು ಹದಿನೈದು ದಿನಕ್ಕೆ ಸತ್ತಾಗ ತಂದವರು ತಮ್ಮ ನೀರನ್ನು ಬೈದುಕೊಳ್ಳುತ್ತಾರೆ. ಎಷ್ಟೋ ಸಲ ತಪ್ಪು ನೀರಿನದಲ್ಲ, ಖರೀದಿಯದು.

ಹಾಗಾಗಿ ಈ ಹೋಲಿಕೆಯಲ್ಲಿ ಮೊದಲು ನೋಡುವುದು ಕುದುರೆ ಎಲ್ಲಿ ಹುಟ್ಟಿತು ಎಂಬುದನ್ನು. ಆಮೇಲೆ ಜಾತಿ, ಆಮೇಲೆ ಕಣ್ಣೆದುರಿನ ಆ ಒಂದು ಪ್ರಾಣಿಯ ಆರೋಗ್ಯ. ಬಣ್ಣ ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಅದು ಬದಲಾಗುತ್ತದೆ. ಅಂಗಡಿಯಲ್ಲಿ ನಿಂಬೆಹಣ್ಣಿನ ಹಳದಿಯಿದ್ದದ್ದು ನಿಮ್ಮ ತೊಟ್ಟಿಯ ಕಂದು ಕಲ್ಲಿಗೆ ಬಾಲ ಸುತ್ತಿ ವಾರದಲ್ಲಿ ತಾನೂ ಕಂದಾಗಬಹುದು. ಬಣ್ಣಕ್ಕೆಂದು ಹೆಚ್ಚು ದುಡ್ಡು ಕೊಡಬೇಡಿ.

ಭಾರತದಲ್ಲಿ ಇರುವವರಿಗೆ

ಈ ಬರಹ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡ ಕನ್ನಡಿಗರಿಗೆ. ಭಾರತದಲ್ಲಿ ಕಡಲಕುದುರೆಗಳನ್ನೂ ಅವುಗಳ ಬಳಗದ ಕೊಳವೆಮೀನುಗಳನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ತಂದರು. ಹಿಡಿಯುವುದು, ಮಾರುವುದು, ಕೊಳ್ಳುವುದು ಜೈಲಿನವರೆಗೆ ಹೋಗಬಹುದಾದ ಅಪರಾಧ. ಬೆಂಗಳೂರಿನ ಅಂಗಡಿಯಲ್ಲಿ ಯಾರಾದರೂ ಒಳಕೋಣೆಗೆ ಕರೆದು ತೋರಿಸಿದರೆ ಹಿಂದೆ ತಿರುಗಿ ಬನ್ನಿ. ನಮ್ಮ ಕರಾವಳಿಯಲ್ಲಿ ಸಿಗಡಿ ಬಲೆಗೆ ಸಿಕ್ಕಿದ್ದಕ್ಕೂ ಇದೇ ಮಾತು.

ಹೊರದೇಶದಲ್ಲಿ ಇರುವವರೂ ಗಡಿ ದಾಟಿಸುವ ಯೋಚನೆ ಬಿಡಬೇಕು. ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಹಿಪ್ಪೊಕ್ಯಾಂಪಸ್ ಕುಲವನ್ನು, ಅಂದರೆ ಎಲ್ಲ ಕಡಲಕುದುರೆಗಳನ್ನೂ, ಸೇರಿಸುವ ತೀರ್ಮಾನ 2002ರಲ್ಲಿ ಆಯಿತು, 2004ರ ಮೇ ತಿಂಗಳಿಂದ ಜಾರಿಯಲ್ಲಿದೆ. ಜೀವಂತ ಕುದುರೆಯನ್ನು ಪರವಾನಗಿಯಿಲ್ಲದೆ ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುವಂತಿಲ್ಲ. ಬ್ರಿಟನ್ನಿನ ಕಡಲಲ್ಲೇ ಇರುವ ಎರಡು ಜಾತಿಗಳಿಗೆ 2008ರಿಂದ ಕಾನೂನಿನ ರಕ್ಷಣೆಯಿದೆ, ದಡದಲ್ಲಿ ಸಿಕ್ಕರೂ ಮುಟ್ಟಬಾರದು. ನೀವಿರುವ ದೇಶದೊಳಗೇ ಸಾಕಿ ಮಾರುವವರಿಂದ ಕೊಂಡರೆ ಈ ತಾಪತ್ರಯಗಳು ಬಹುಮಟ್ಟಿಗೆ ಮುಗಿದವು. ರಸೀದಿ ಮಾತ್ರ ಜೋಪಾನ.

ಮೂರು ಹಣೆಪಟ್ಟಿಗಳು, ಒಂದರಲ್ಲಿ ಮೋಸ

ಮಾರಾಟಕ್ಕೆ ಬರುವ ಕುದುರೆಗಳ ಮೇಲೆ ಮೂರು ಬಗೆಯ ಹೆಸರು ಕಾಣುತ್ತೀರಿ: ವೈಲ್ಡ್ ಕಾಟ್, ಟ್ಯಾಂಕ್ ರೈಸ್ಡ್, ಕ್ಯಾಪ್ಟಿವ್ ಬ್ರೆಡ್.

ವೈಲ್ಡ್ ಕಾಟ್ ಎಂದರೆ ಕಡಲಿಂದ ಹಿಡಿದದ್ದು. ಹುಟ್ಟಿದಾಗಿನಿಂದ ಜೀವಂತ ಬೇಟೆ ಬಿಟ್ಟು ಬೇರೇನನ್ನೂ ತಿಂದು ಗೊತ್ತಿಲ್ಲದ ಪ್ರಾಣಿ. ಮಂಜುಗಡ್ಡೆಯಾಗಿಸಿ ಮಾರುವ ಮೈಸಿಸ್ ಎಂಬ ಪುಟ್ಟ ಸೀಗಡಿ ಇದರ ಕಣ್ಣಿಗೆ ಆಹಾರವಾಗಿ ಕಾಣುವುದೇ ಇಲ್ಲ, ಅಲುಗಾಡದ್ದನ್ನು ಅದು ತಿನ್ನುವುದಿಲ್ಲ. ಹೊಟ್ಟೆಯಲ್ಲಿ ಹುಳು, ಕಿವಿರಿನಲ್ಲಿ ಪರಾವಲಂಬಿ ಇದ್ದೇ ಇರುತ್ತವೆಂದು ಇಟ್ಟುಕೊಳ್ಳಿ. ಅನುಭವಿಗಳು ತಿಂಗಳುಗಟ್ಟಲೆ ಒದ್ದಾಡಿ ಉಳಿಸಿಕೊಂಡದ್ದುಂಟು. ಮೊದಲ ಸಲ ಕೊಳ್ಳುವವರಿಗೆ ಇದು ಬೇಡವೇ ಬೇಡ, ಎಷ್ಟೇ ಅಗ್ಗವಾದರೂ.

ಕ್ಯಾಪ್ಟಿವ್ ಬ್ರೆಡ್ ಎಂದರೆ ತಂದೆತಾಯಿಯೂ ತೊಟ್ಟಿಯದೇ, ಮರಿಯೂ ಮುಚ್ಚಿದ ತೊಟ್ಟಿಯಲ್ಲೇ ಬೆಳೆದು ಚಿಕ್ಕಂದಿನಲ್ಲೇ ಮಂಜುಗಡ್ಡೆಯ ಮೈಸಿಸ್‌ಗೆ ಒಗ್ಗಿದ್ದು. ಹವಾಯಿಯ ಕೋನಾದಲ್ಲಿರುವ ಓಷನ್ ರೈಡರ್, ಟಾಸ್ಮೇನಿಯಾದ ಬ್ಯೂಟಿ ಪಾಯಿಂಟ್‌ನಲ್ಲಿರುವ ಸೀಹಾರ್ಸ್ ವರ್ಲ್ಡ್ ಹೀಗೆ ಸಾಕುವ ಹೆಸರಾಂತ ಜಾಗಗಳು. ಇವಲ್ಲದೆ ಮನೆಯ ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ಸಾಕಿ ಮಾರುವ ಸಣ್ಣ ತಳಿಗಾರರೂ ಅಲ್ಲಲ್ಲಿ ಇದ್ದಾರೆ. ಅವರಲ್ಲಿ ಒಳ್ಳೆಯವರು ಸಿಕ್ಕರೆ ಅದೃಷ್ಟ, ಕೇಳಿದ ಪ್ರಶ್ನೆಗೆಲ್ಲ ಉತ್ತರ ಸಿಗುತ್ತದೆ.

ಮೋಸವಿರುವುದು ನಡುವಿನ ಹೆಸರಲ್ಲಿ. ಟ್ಯಾಂಕ್ ರೈಸ್ಡ್ ಎಂದಾಗ ಟ್ಯಾಂಕು ಎಂಬ ಮಾತು ಕೇಳಿ ನಿಶ್ಚಿಂತೆಯಾಗುತ್ತದೆ. ಆದರೆ ಏಷ್ಯಾದಿಂದ ಬರುವ ಇಂಥವನ್ನು ಬೆಳೆಸುವುದು ಅನೇಕ ಸಲ ಕಡಲಲ್ಲೇ ಕಟ್ಟಿದ ಬಲೆಯ ಗೂಡಿನಲ್ಲಿ, ಇಲ್ಲವೇ ಕಡಲ ನೀರನ್ನೇ ಹಾಯಿಸಿದ ಸಿಮೆಂಟು ತೊಟ್ಟಿಯಲ್ಲಿ. ನೀರಿನ ಜತೆ ತೇಲಿ ಬರುವ ಸೂಕ್ಷ್ಮಜೀವಿಗಳನ್ನು (ಪ್ಲವಕ) ತಿಂದು, ಅದರೊಂದಿಗೇ ಬರುವ ರೋಗ ಹತ್ತಿಸಿಕೊಂಡು ಬೆಳೆದ ಮರಿಗಳು. ಕೆಲವು ಸಲ ಬಸುರಿ ಗಂಡನ್ನು ಕಡಲಿಂದ ಹಿಡಿದು ತಂದು, ಅದು ಹೆತ್ತ ಮರಿಗಳಿಗೆ ಈ ಹೆಸರು ಕೊಡುವುದೂ ಇದೆ. (ಹೌದು, ಗಂಡೇ. ಹೆಣ್ಣು ಮೊಟ್ಟೆಯನ್ನು ಗಂಡಿನ ಹೊಟ್ಟೆಚೀಲಕ್ಕೆ ಹಾಕಿ ಕೈತೊಳೆದುಕೊಳ್ಳುತ್ತದೆ.) ಸಾಗಣೆಯ ಸರಪಳಿ ಉದ್ದ, ನಡುವಿನವರು ಮೇವು ಹಾಕುವುದು ಅಪರೂಪ, ಹಲವು ಕಡೆಯ ಕುದುರೆಗಳನ್ನು ಒಂದೇ ನೀರಿನಲ್ಲಿ ಬೆರೆಸಿರುತ್ತಾರೆ. ಕೊಂಡರೆ ಅದನ್ನು ಕಡಲಿಂದ ಹಿಡಿದ ಮೀನೆಂದೇ ಲೆಕ್ಕ ಹಾಕಿ ಆರರಿಂದ ಎಂಟು ವಾರ ಪ್ರತ್ಯೇಕ ಇಡಬೇಕು, ಜಂತುಹುಳುವಿಗೆ ಔಷಧಿ ಕೊಡಬೇಕು.

ಮಾರುವವರಿಗೆ ಕೇಳಬೇಕಾದ ಪ್ರಶ್ನೆ ಇದು: "ಈ ಮರಿ ಹುಟ್ಟಿದ್ದು ಯಾರ ತೊಟ್ಟಿಯಲ್ಲಿ, ಎಷ್ಟು ತಿಂಗಳಾಯಿತು?" ತಳಿಗಾರ ತಾರೀಕು ಸಮೇತ ಹೇಳುತ್ತಾನೆ. ಅಂಗಡಿಯವನು ತಳಿಗಾರನ ಹೆಸರನ್ನಾದರೂ ಹೇಳಬೇಕು. "ಸಪ್ಲೈಯರ್ ಕಡೆಯಿಂದ ಬಂದದ್ದು" ಎಂಬುದು ಉತ್ತರವಲ್ಲ.

ಜಾತಿ ಆರಿಸುವುದು

ಹಿಪ್ಪೊಕ್ಯಾಂಪಸ್ ಕುಲದಲ್ಲಿ ನಲವತ್ತಕ್ಕೂ ಹೆಚ್ಚು ಜಾತಿಗಳಿದ್ದರೂ ಮನೆ ತೊಟ್ಟಿಗೆ ಸಿಗುವುದು ಬೆರಳೆಣಿಕೆಯಷ್ಟು. ಎತ್ತರವನ್ನು ತಲೆಯ ಕಿರೀಟದ ತುದಿಯಿಂದ ಬಿಡಿಸಿದ ಬಾಲದ ತುದಿಯವರೆಗೆ ಅಳೆಯುತ್ತಾರೆ.

ಮೊದಲ ಸಲಕ್ಕೆ ನಮ್ಮ ಸಲಹೆ ಎರೆಕ್ಟಸ್. ಅಟ್ಲಾಂಟಿಕ್‌ನ ಅಮೆರಿಕದ ಕಡೆಯ ದಡದ ಜಾತಿ, ಮೈಮೇಲೆ ಸಣ್ಣ ಗೆರೆಗಳು, 15 ಸೆಂ.ಮೀ. ದಾಟಿ ಬೆಳೆಯುತ್ತದೆ. ಅಮೆರಿಕದಲ್ಲಿ ತಲೆಮಾರುಗಳಿಂದ ತೊಟ್ಟಿಯಲ್ಲೇ ಸಾಕಿರುವುದರಿಂದ ಮೈಸಿಸ್ ತಿನ್ನುವ ಮರಿ ಸುಲಭವಾಗಿ ಸಿಗುತ್ತದೆ, ತಾಪ ತುಸು ಏರಿಳಿದರೂ ತಡೆಯುತ್ತದೆ. ಓಷನ್ ರೈಡರ್‌ನವರು ಮಸ್ಟ್ಯಾಂಗ್ ಎಂದು ಮಾರುವುದೂ ಇದನ್ನೇ. ಕೆಲವದರ ತಲೆ, ಬೆನ್ನ ಮೇಲೆ ಪಾಚಿಯ ಎಳೆಯಂಥ ಕೂದಲು ಇರುತ್ತದೆ. ಅದು ಬೂಷ್ಟಲ್ಲ, ಮರೆಮಾಚಿಕೊಳ್ಳಲು ಚರ್ಮದಿಂದಲೇ ಬಂದದ್ದು. ಕಿತ್ತು ತೆಗೆಯಲು ಹೋಗಬೇಡಿ.

ರೀಡೈ ಇದರ ನೆಂಟ, ಬ್ರೆಜಿಲ್, ಕೆರಿಬಿಯನ್ ಕಡೆಯದು. ಮೂತಿ ಉದ್ದ, ಮೈ ಸಪೂರ, ಕೆಂಪು ಕಿತ್ತಳೆ ಹಳದಿಗಳಲ್ಲಿ ನೋಡಲು ಎರೆಕ್ಟಸ್‌ಗಿಂತ ಚೆಲುವು. ಸ್ವಭಾವದಲ್ಲೂ ಚುರುಕು. ಸಾಕುವುದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಮರಿ ಮಾಡಿಸುವ ಆಸೆಯಿದ್ದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ: ರೀಡೈ ಗಂಡು ಒಂದೇ ಹೆರಿಗೆಯಲ್ಲಿ ಸಾವಿರ ಮೀರಿ ಮರಿ ಹಾಕಬಲ್ಲದು, ಆದರೆ ಅವು ಕೂದಲೆಳೆಯಷ್ಟು ಸಣ್ಣವು, ವಾರಗಟ್ಟಲೆ ತೇಲುತ್ತಲೇ ಇರುತ್ತವೆ, ಮೊದಲ ದಿನಗಳಲ್ಲಿ ಅವುಗಳ ಬಾಯಿಗೆ ಹಿಡಿಸುವ ಆಹಾರ ಬೆಳೆಸುವುದೇ ಕಷ್ಟ. ಎರೆಕ್ಟಸ್‌ನ ಮರಿ ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡದು, ಹುಟ್ಟಿದ ದಿನವೇ ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿಯ ಮರಿಯನ್ನು ನುಂಗಬಲ್ಲದು.

ಕುಡಾ ಎಂಬುದು ಹಿಂದೂ ಮಹಾಸಾಗರ, ಪೆಸಿಫಿಕ್‌ಗಳ ಜಾತಿ. ನಮ್ಮ ಅರಬ್ಬೀ ಸಮುದ್ರದಲ್ಲೂ ಇದೆ. ಅದರಲ್ಲೇನೂ ದೋಷವಿಲ್ಲ. ಆದರೆ ಮಾರುಕಟ್ಟೆಯಲ್ಲಿ ಏಷ್ಯಾದಿಂದ ಬಂದ ನುಣುಪು ಮೈಯ ಕುದುರೆಗೆಲ್ಲ ಕುಡಾ ಎನ್ನುವ ರೂಢಿಯಿದೆ, ಮೇಲೆ ಹೇಳಿದ ಬಲೆಗೂಡಿನ ಸರಕು ಹೆಚ್ಚಾಗಿ ಈ ಹೆಸರಲ್ಲೇ ಬರುತ್ತದೆ. ಸ್ಥಳೀಯ ತಳಿಗಾರನದ್ದೆಂದು ಖಚಿತವಾದರೆ ಕೊಳ್ಳಿ.

ಮುಳ್ಳುಮೈಯ, ಮೂತಿಗೆ ಪಟ್ಟೆಯಿರುವ ಬಾರ್ಬೂರೈ, ಬಾಲಕ್ಕೆ ಹುಲಿಪಟ್ಟೆಯ ಕೋಮೆಸ್ ಎರಡೂ ಆಗ್ನೇಯ ಏಷ್ಯಾದವು. ಎರಡನೇ ತೊಟ್ಟಿಗೆ ಇರಲಿ.

ಇನ್ನೆರಡು ಜಾತಿಗಳನ್ನು ಬೇರೆಯಾಗಿಯೇ ಯೋಚಿಸಬೇಕು. ಒಂದು ಕುಬ್ಜ ಜಾತಿ ಜೋಸ್ಟರೆ, ಫ್ಲಾರಿಡಾ, ಮೆಕ್ಸಿಕೋ ಕೊಲ್ಲಿಯದು. ಪೂರ್ತಿ ಬೆಳೆದರೂ ಎರಡು ಎರಡೂವರೆ ಸೆಂ.ಮೀ. ಇಪ್ಪತ್ತು ಲೀಟರ್ ತೊಟ್ಟಿ ಸಾಕು, ಪ್ರಾಣಿಯೂ ಅಗ್ಗ. ಚಿಕ್ಕದು, ಸುಲಭ ಎಂದುಕೊಂಡು ಇದರಿಂದ ಶುರುಮಾಡಿದವರೇ ಬೇಗ ಸುಸ್ತಾಗುವುದು. ಇದು ಮಂಜುಗಡ್ಡೆಯ ಮೇವಿಗೆ ಒಗ್ಗುವುದು ಬಲು ಅಪರೂಪ, ದಿನಕ್ಕೆರಡು ಸಲ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ ಮರಿ ಬೇಕು. ಅಂದರೆ ಒಂದು ಬಾಟಲಿಯಲ್ಲಿ ಉಪ್ಪುನೀರು, ಗಾಳಿಕೊಳವೆ, ಸುಮಾರು 27 ಡಿಗ್ರಿ ಬೆಚ್ಚಗಿಟ್ಟು 24 ಗಂಟೆ ಕಾಯುವುದು, ಅಷ್ಟರಲ್ಲಿ ಇನ್ನೊಂದು ಬಾಟಲಿ ಹೂಡುವುದು. ದೋಸೆಹಿಟ್ಟು ರುಬ್ಬಿಟ್ಟ ಹಾಗೆ, ಒಂದು ದಿನ ತಪ್ಪಿದರೆ ಮರುದಿನ ಉಪವಾಸ. ಜತೆಗೆ ಆರ್ಟೀಮಿಯಾ ಹಾಕುವ ತೊಟ್ಟಿಯಲ್ಲಿ ಹೈಡ್ರಾಯ್ಡ್ ಎಂಬ ಕುಟುಕುವ ಜೀವಿ ಹಬ್ಬುತ್ತದೆ. ದೊಡ್ಡ ಕುದುರೆಗೆ ಅದು ಲೆಕ್ಕಕ್ಕಿಲ್ಲ, ಕುಬ್ಜಗಳನ್ನೂ ಮರಿಗಳನ್ನೂ ಕೊಲ್ಲುತ್ತದೆ. ಫೆನ್‌ಬೆಂಡಜೋಲ್ ಎಂಬ ಜಂತುಹುಳುವಿನ ಔಷಧಿ ಹಾಕಿದರೆ ಹೈಡ್ರಾಯ್ಡ್ ಸಾಯುತ್ತದೆ, ಆದರೆ ಔಷಧಿ ಕಲ್ಲಿನೊಳಗೆ ಹೀರಿಕೊಂಡು ಉಳಿದು ಆಮೇಲೆ ತಂದ ಬಸವನಹುಳುಗಳನ್ನೂ ಕೊಲ್ಲಬಹುದು.  ಆಯಸ್ಸು ವರ್ಷ, ಎರಡು ವರ್ಷ. ದೊಡ್ಡ ಜಾತಿಗಳು ಚೆನ್ನಾಗಿ ಸಾಕಿದರೆ ನಾಲ್ಕೈದು ವರ್ಷ ಇರುತ್ತವೆ.

ಇನ್ನೊಂದು ಡೊಳ್ಳುಹೊಟ್ಟೆಯ ಅಬ್ಡಾಮಿನಾಲಿಸ್, ಆಗ್ನೇಯ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳದು, 30 ಸೆಂ.ಮೀ. ಮೀರಬಲ್ಲದು. ತಣ್ಣೀರಿನ ಪ್ರಾಣಿ, 16ರಿಂದ 18 ಡಿಗ್ರಿ ಬೇಕು. ಹೋಬಾರ್ಟ್, ಮೆಲ್ಬರ್ನ್‌ಗಳಲ್ಲಿ ಇರುವವರಿಗೆ ಸುಲಭವಾಗಿ ಸಿಗುತ್ತದೆ, ಗಟ್ಟಿಮುಟ್ಟೂ ಹೌದು. ಆದರೆ ನೀರು ತಂಪಾಗಿಸುವ ಯಂತ್ರ, ಚಿಲ್ಲರ್, ಇಲ್ಲದೆ ಬೇಸಿಗೆ ದಾಟಿಸಲಾಗದು. ಚಿಲ್ಲರ್‌ನ ಬೆಲೆ, ಅದು ತಿನ್ನುವ ಕರೆಂಟು ಎರಡನ್ನೂ ಕುದುರೆಯ ಬೆಲೆಗೆ ಸೇರಿಸಿ ನೋಡಿ. ಉಷ್ಣವಲಯದ ಜಾತಿಗಳ ಜತೆ ಇದನ್ನು ಒಂದೇ ತೊಟ್ಟಿಯಲ್ಲಿ ಇಡಲಾಗದು ಎಂದು ಬೇರೆ ಹೇಳಬೇಕಿಲ್ಲ.

ತಳಿಗಾರನಿಂದ ಅಂಚೆಯಲ್ಲೋ, ಅಂಗಡಿಯಿಂದ ಕೈಯಲ್ಲೋ

ಅಂಗಡಿಯ ಅನುಕೂಲ ಒಂದೇ: ಕಣ್ಣಾರೆ ನೋಡಬಹುದು. ಅನಾನುಕೂಲಗಳು ಹೆಚ್ಚು. ಅಂಗಡಿಯ ಉಪ್ಪುನೀರಿನ ತೊಟ್ಟಿಗಳೆಲ್ಲ ಹೆಚ್ಚಾಗಿ ಒಂದೇ ಸಂಪಿನ ನೀರಿಗೆ ಕೂಡಿಕೊಂಡಿರುತ್ತವೆ. ನಿನ್ನೆ ಬಂದ ಬೇರಾವುದೋ ಮೀನಿನ ರೋಗ ಇಂದು ಕುದುರೆಯ ನೀರಿನಲ್ಲಿ. ಅಲ್ಲಿನ ತಾಪ ಬೇರೆ ಮೀನುಗಳಿಗೆಂದು 25-26 ಡಿಗ್ರಿ ಇಟ್ಟಿರುತ್ತಾರೆ. ಅದು ಕುದುರೆಗೆ ಹೆಚ್ಚು, ಕಾರಣ ಮುಂದೆ ಹೇಳುತ್ತೇವೆ. ದಿನಕ್ಕೊಂದೇ ಸಲ ಮೇವು ಹಾಕುವ ಅಂಗಡಿಯಲ್ಲಿ ಕುದುರೆ ಇದ್ದಷ್ಟು ದಿನವೂ ಇಳಿಯುತ್ತಲೇ ಹೋಗುತ್ತದೆ.

ತಳಿಗಾರನಿಂದ ತರಿಸಿದರೆ ಪ್ರಾಣಿ ಒಂದೇ ತೊಟ್ಟಿಯಿಂದ ಒಂದೇ ರಾತ್ರಿಯ ಪಯಣದಲ್ಲಿ ನಿಮ್ಮ ಬಾಗಿಲಿಗೆ ಬರುತ್ತದೆ. ಸಾಗಣೆಯ ಖರ್ಚು ಕೆಲವೊಮ್ಮೆ ಇನ್ನೊಂದು ಕುದುರೆಯ ಬೆಲೆಯಷ್ಟಾಗುತ್ತದೆ, ಆದರೂ ನಮ್ಮ ಮತ ಇದಕ್ಕೇ. ಹಣ ಕಳಿಸುವ ಮೊದಲು ಇಷ್ಟನ್ನು ಬರಹದಲ್ಲಿ ಕೇಳಿ: ನಿಮ್ಮ ತೊಟ್ಟಿಯ ಉಪ್ಪಿನ ಸಾಂದ್ರತೆ ಎಷ್ಟು, ತಾಪ ಎಷ್ಟು, ಯಾವ ಮೇವು ಯಾವ ಹೊತ್ತಿಗೆ, ಮರಿಯ ವಯಸ್ಸು ಮತ್ತು ಎತ್ತರ, ಕಳೆದ ಎರಡು ತಿಂಗಳಲ್ಲಿ ಯಾವುದಾದರೂ ಔಷಧಿ ಕೊಟ್ಟಿದ್ದೀರಾ, ಸತ್ತು ಬಂದರೆ ಎಷ್ಟು ಗಂಟೆಯೊಳಗೆ ಫೋಟೋ ಕಳಿಸಬೇಕು. ಮರಿ ಮೈಸಿಸ್ ತಿನ್ನುವ ವಿಡಿಯೋ ಕೇಳಿ. ಇವತ್ತಿನದ್ದೇ ಆಗಿರಲಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ.

ಗಾತ್ರ 8 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಬೇಡ, 10 ಆದರೆ ಉತ್ತಮ. ಸಣ್ಣ ಮರಿ ಅಗ್ಗ, ಮುದ್ದು ನಿಜ. ಆದರೆ ಮೈಯಲ್ಲಿ ಕೂಡಿಟ್ಟದ್ದೇನೂ ಇರುವುದಿಲ್ಲ, ಪಯಣದ ಒಂದು ದಿನದ ಹಸಿವೇ ಅದಕ್ಕೆ ಭಾರ. ಫೀನಿಕ್ಸ್, ಡಲ್ಲಾಸ್‌ನಂಥ ಊರಿನವರು ನಡುಬೇಸಿಗೆಯಲ್ಲಿ ತರಿಸಬೇಡಿ, ವಿತರಣೆಯ ವ್ಯಾನಿನೊಳಗೆ ಡಬ್ಬಿ ಬೇಯುತ್ತದೆ. ವಾರದ ಮೊದಲ ದಿನಗಳಲ್ಲೇ ಹೊರಡಿಸಿ. ಗುರುವಾರ ಹೊರಟು ತಡವಾದ ಡಬ್ಬಿ ವಾರಾಂತ್ಯವೆಲ್ಲ ಗೋದಾಮಿನಲ್ಲಿ ಕೂರುತ್ತದೆ.

ಗಾಜಿನ ಮುಂದೆ ನಿಂತಾಗ

ಅಂಗಡಿಯಿಂದಲೇ ಕೊಳ್ಳುವುದಾದರೆ ಮೇವು ಹಾಕುವ ಹೊತ್ತು ಕೇಳಿಕೊಂಡು ಆಗಲೇ ಹೋಗಿ. ಬೇರೆ ಹೊತ್ತಿನಲ್ಲಿ ನೋಡಿದ್ದು ಅರ್ಧ ನೋಡಿದಂತೆ. ಆರೋಗ್ಯವಂತ ಕುದುರೆ ಕರಗಿದ ಮೈಸಿಸ್ ಬಿದ್ದೊಡನೆ ಒಂದು ಕಣ್ಣನ್ನು ಅದರತ್ತ ತಿರುಗಿಸುತ್ತದೆ, ಇನ್ನೊಂದು ಕಣ್ಣು ನಿಮ್ಮನ್ನೇ ನೋಡುತ್ತಿರಬಹುದು. ಮೂತಿಯನ್ನು ಗುರಿಯಿಟ್ಟು, ಚಟಕ್ಕನೆ ಹೀರುತ್ತದೆ. ಗಾಜಿಗೆ ಕಿವಿಯಿಟ್ಟರೆ ಸಣ್ಣ ಚಟ್ ಸದ್ದು ಕೇಳಿಸಲೂಬಹುದು. ಐದಾರು ಸಲ ಹೀಗೆ ತಿಂದು ನುಂಗಿದ್ದನ್ನು ನೋಡಿ. ಹೀರಿ ಮತ್ತೆ ಉಗುಳಿದರೆ, ಗುರಿಯಿಟ್ಟು ಸುಮ್ಮನಾದರೆ, ಬಾಯಿ ಪೂರ್ತಿ ತೆರೆಯದಂತೆ ಕಂಡರೆ ಮೂತಿಯಲ್ಲಿ ತೊಂದರೆಯಿದೆ. "ಜೀವಂತ ಆರ್ಟೀಮಿಯಾ ಚೆನ್ನಾಗಿ ತಿನ್ನುತ್ತೆ ಸಾರ್" ಎಂದರೆ ಮೈಸಿಸ್ ತಿನ್ನುವುದಿಲ್ಲ ಎಂದೇ ಅರ್ಥ. ಬೆಳೆದ ಆರ್ಟೀಮಿಯಾದಲ್ಲಿ ಸಾರವಿಲ್ಲ, ಅದನ್ನೇ ತಿಂದ ಕುದುರೆ ಹೊಟ್ಟೆ ತುಂಬಿಯೂ ಸೊರಗುತ್ತದೆ.

ಆಮೇಲೆ ಮೈ. ಪಕ್ಕದಿಂದಲ್ಲ, ಎದುರಿನಿಂದ ನೋಡಿ. ಹೊಟ್ಟೆಯ ಮೂಳೆಯ ಬಳೆಗಳ ನಡುವಿನ ಚರ್ಮ ಸಪಾಟಾಗಿ ಇಲ್ಲವೇ ತುಸು ಉಬ್ಬಿರಬೇಕು. ಒಳಕ್ಕೆ ಚಿವುಟಿದಂತಿದ್ದರೆ, ಬಳೆಗಳು ಏಣಿಯ ಮೆಟ್ಟಿಲಂತೆ ಎದ್ದು ಕಂಡರೆ ಬಹುದಿನದ ಹಸಿವು. ಇಂಥದ್ದನ್ನು ಕರುಣೆಯಿಂದ ಕೊಂಡು ತಂದು ಉಳಿಸಿಕೊಂಡವರು ಕಡಿಮೆ.

ಮೂತಿಯ ತುದಿ ಊದಿ, ಬಿಳುಚಿ ಅಥವಾ ಗುಲಾಬಿಯಾಗಿದ್ದರೆ ಕೊಳೆರೋಗ. ಬಾಲದ ತುದಿ ಬಿಳಿಯಾಗಿ ಚರ್ಮ ಸುಲಿದಿದ್ದರೂ ಅದೇ ಬಗೆ. ಎರಡರ ಹಿಂದೆಯೂ ಹೆಚ್ಚಾಗಿ ವಿಬ್ರಿಯೋ ಬ್ಯಾಕ್ಟೀರಿಯಾ ಇರುತ್ತದೆ, ಅದೇ ತೊಟ್ಟಿಯಲ್ಲಿ ಒಂದಕ್ಕೆ ಬಂದಿದ್ದರೆ ಪಕ್ಕದ್ದೂ ಬೇಡ. ಕಣ್ಣು ಉಬ್ಬಿದೆಯೇ, ಚರ್ಮದಡಿ ನೀರ್ಗುಳ್ಳೆಯಂಥ ಗಾಳಿಯಿದೆಯೇ, ಉಸಿರು ಏದುಸಿರಿನಂತಿದೆಯೇ, ಒಂದೇ ಕಡೆಯ ಕಿವಿರು ಆಡುತ್ತಿದೆಯೇ ನೋಡಿ. ಬಾಲ ಯಾವುದಕ್ಕಾದರೂ ಸುತ್ತಿಕೊಂಡು ನೆಟ್ಟಗೆ ನಿಂತಿರುವುದು ಸಹಜ. ತಳದಲ್ಲಿ ಅಡ್ಡ ಮಲಗಿರುವುದು, ಬಾಲ ಮೇಲಾಗಿ ನೀರಿನ ಮೇಲ್ಮೈಯಲ್ಲಿ ತೇಲುವುದು ಎರಡೂ ಕೆಟ್ಟ ಸೂಚನೆ. ಗಂಡಿನ ಹೊಟ್ಟೆಚೀಲದಲ್ಲಿ ಗಾಳಿ ತುಂಬಿಕೊಂಡರೆ ಹೀಗೆ ತೇಲುತ್ತದೆ. ಅದನ್ನು ಬಸಿರೆಂದು ಹೇಳಿ ಮಾರಿದರೆ ಆಶ್ಚರ್ಯಪಡಬೇಡಿ. ಬಸುರಿ ಗಂಡು ಭಾರವಾಗಿ ತಳದ ಹತ್ತಿರ ಇರುತ್ತದೆ, ಮೇಲಕ್ಕೆ ಎಳೆದುಕೊಂಡು ಹೋಗುವುದಿಲ್ಲ.

ಎಲ್ಲ ಸರಿಯಿದ್ದರೂ ಅವತ್ತೇ ತರಬೇಡಿ. ಮುಂಗಡ ಕೊಟ್ಟು ಎರಡು ವಾರ ಅಲ್ಲೇ ಬಿಡಿಸಿ, ಮತ್ತೆ ಹೋಗಿ ಇದೇ ಪರೀಕ್ಷೆ ಮಾಡಿ.

ಗಂಡೋ ಹೆಣ್ಣೋ, ಎಷ್ಟು

ಗಂಡಿಗೆ ಹೊಟ್ಟೆ ಮುಗಿದು ಬಾಲ ಶುರುವಾಗುವಲ್ಲಿ ನುಣುಪಾದ ಚೀಲ ಇಳಿಜಾರಾಗಿ ಕಾಣುತ್ತದೆ. ಹೆಣ್ಣಿಗೆ ಅಲ್ಲಿ ಹೊಟ್ಟೆ ಥಟ್ಟನೆ ಒಳಕ್ಕೆ ತಿರುಗಿ ಮೂಲೆಯಾಗುತ್ತದೆ. ಐದಾರು ತಿಂಗಳಾಗುವ ಮೊದಲು ಇದನ್ನು ನಂಬುವಂತಿಲ್ಲ, ಹೆಣ್ಣೆಂದು ಕೊಂಡದ್ದಕ್ಕೆ ಆಮೇಲೆ ಚೀಲ ಮೂಡುವುದುಂಟು. ಒಂಟಿಯಾಗಿ ಇಡಬೇಡಿ, ಕನಿಷ್ಠ ಎರಡು ಇರಲಿ. "ಬಾಂಡೆಡ್ ಪೇರ್" ಎಂದು ಹೆಚ್ಚು ದುಡ್ಡು ಕೇಳುವುದು ಸಾಮಾನ್ಯ. ಎರೆಕ್ಟಸ್, ರೀಡೈಗಳಿಗೆ ಆ ಹೆಚ್ಚುವರಿ ಹಣ ದಂಡ, ಜತೆಗಿಟ್ಟರೆ ತಾವೇ ಜೋಡಿಯಾಗುತ್ತವೆ. ಮರಿಗಳ ಗೋಜು ಬೇಡವೆಂದರೆ ಎರಡು ಹೆಣ್ಣು ಕೊಳ್ಳಿ. ಚೀಲದ ಗಾಳಿಯ ಕಾಯಿಲೆಯೂ ಇರುವುದಿಲ್ಲ.

ಎರಡನ್ನೂ ಒಬ್ಬನಿಂದಲೇ ಒಟ್ಟಿಗೆ ಕೊಳ್ಳಿ. ಒಂದು ಕಡೆಯ ಕುದುರೆಗೆ ಒಗ್ಗಿಹೋದ ರೋಗಾಣು ಇನ್ನೊಂದು ಕಡೆಯದಕ್ಕೆ ಹೊಸದು. ಇಬ್ಬರು ಒಳ್ಳೆಯ ತಳಿಗಾರರ ಆರೋಗ್ಯವಂತ ಮರಿಗಳನ್ನೇ ಬೆರೆಸಿ ಎರಡನ್ನೂ ಕಳೆದುಕೊಳ್ಳುವುದು ಈ ಹವ್ಯಾಸದಲ್ಲಿ ಹಳೆಯ ಕತೆ. ಕೊಳವೆಮೀನನ್ನು ಜತೆಗೆ ಹಾಕಬಾರದು ಎನ್ನುವುದಕ್ಕೂ ಇದೇ ಕಾರಣ.

ಬರುವ ಮೊದಲು ತೊಟ್ಟಿ, ಬಂದ ದಿನದ ಕ್ರಮ

ದೊಡ್ಡ ಜಾತಿಯ ಒಂದು ಜೋಡಿಗೆ 110 ಲೀಟರ್‌ಗಿಂತ ಕಡಿಮೆ ಬೇಡ. ಉದ್ದಕ್ಕಿಂತ ಎತ್ತರ ಮುಖ್ಯ, ನೀರು 45-50 ಸೆಂ.ಮೀ. ಆಳವಿರಲಿ, ಮೊಟ್ಟೆ ಚೀಲಕ್ಕೆ ದಾಟಿಸುವಾಗ ಜೋಡಿ ಒಟ್ಟಿಗೆ ಮೇಲಕ್ಕೇರುತ್ತದೆ. ತೊಟ್ಟಿ ಹೂಡಿ, ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಸೊನ್ನೆಗಿಳಿದು ಕೆಲವು ವಾರ ಹಾಗೇ ನಿಂತ ಮೇಲಷ್ಟೇ ಆರ್ಡರ್ ಮಾಡಿ. ಸಾಂದ್ರತೆ (ಸಿಹಿನೀರನ್ನು 1 ಎಂದಿಟ್ಟುಕೊಂಡು) 1.023ರಿಂದ 1.025, ಪಿಎಚ್ 8.0ರಿಂದ 8.4, ನೈಟ್ರೇಟ್ 20 ಪಿಪಿಎಂ ಒಳಗೆ.

ತಾಪ 20ರಿಂದ 23 ಡಿಗ್ರಿ ಸೆಲ್ಸಿಯಸ್. ಉಷ್ಣವಲಯದ ಪ್ರಾಣಿಗೆ ಇಷ್ಟು ತಂಪೇಕೆ ಎಂದರೆ ವಿಬ್ರಿಯೋ 24 ದಾಟಿದ ನೀರಿನಲ್ಲಿ ಬೇಗ ಹೆಚ್ಚಿ ಉಗ್ರವಾಗುತ್ತದೆ. ಕಡಲಲ್ಲಿ ನೀರು ಅಪಾರ, ಮನೆಯ ತೊಟ್ಟಿಯಲ್ಲಿ ಮೇವು ದಿನಕ್ಕೆ ಮೂರು ಸಲ ಬಿದ್ದು ಕೊಳೆಯುತ್ತದೆ. ಎಲ್‌ಇಡಿ ದೀಪ, ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತವೆ, ಸಾಲದಿದ್ದರೆ ಚಿಲ್ಲರ್. ಬಾಲ ಸುತ್ತಲು ಕಡಲಪಾಚಿ, ಕೃತಕ ಹವಳದ ಕೊಂಬೆ ಇರಲಿ. ಪಂಪಿನ ಬಾಯಿಗಳಿಗೆ ಸ್ಪಂಜು ಕಟ್ಟಿ, ಕುದುರೆ ಅದಕ್ಕೂ ಬಾಲ ಸುತ್ತುತ್ತದೆ. ಏಡಿ, ಅನೆಮೊನೆ, ಕುಟುಕುವ ಹವಳ, ಚುರುಕಾಗಿ ಮೇವು ಕಬಳಿಸುವ ಮೀನು ಯಾವುದೂ ಬೇಡ. ಬಸವನಹುಳುಗಳು ಸರಿ, ಮಿಕ್ಕ ಮೈಸಿಸ್ ಮುಗಿಸುತ್ತವೆ.

ಡಬ್ಬಿ ಬಂದಾಗ ಅವಸರವೂ ಬೇಡ, ತಡವೂ ಬೇಡ. ಕೋಣೆಯ ದೀಪ ಮಂಕು ಮಾಡಿ, ಮುಚ್ಚಿದ ಚೀಲವನ್ನೇ 15-20 ನಿಮಿಷ ತೇಲಿಸಿ ತಾಪ ಸರಿದೂಗಿಸಿ. ಚೀಲ ತೆರೆದೊಡನೆ ಗಡಿಯಾರ ಶುರು. ರಾತ್ರಿಯಿಡೀ ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಕೂಡಿದ ಅಮೋನಿಯಾ ಅಷ್ಟಾಗಿ ವಿಷವಾಗಿರುವುದಿಲ್ಲ. ತೆರೆದಾಗ ಆ ಅನಿಲ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಎರಡು ಗಂಟೆ ಹನಿಹನಿ ನೀರು ಬಿಡುವ ಪದ್ಧತಿ ಇಲ್ಲಿ ಅಪಾಯ. ತಳಿಗಾರ ಹೇಳಿದ ಸಾಂದ್ರತೆಗೆ ಪ್ರತ್ಯೇಕ ತೊಟ್ಟಿಯನ್ನು ಮೊದಲೇ ತಂದಿಟ್ಟಿದ್ದರೆ ಮೂರು ನಾಲ್ಕು ಸಲ ಲೋಟದಲ್ಲಿ ನೀರು ಬೆರೆಸಿ, ಅರ್ಧ ಗಂಟೆಯೊಳಗೆ ಮುಗಿಸಬಹುದು. ಬಲೆ ಹಾಕಬೇಡಿ. ಒದ್ದೆ ಕೈಯನ್ನು ನೀರಿನೊಳಗಿಟ್ಟರೆ ಬಾಲವನ್ನು ಬೆರಳಿಗೆ ಸುತ್ತಿಕೊಳ್ಳುತ್ತದೆ, ಹಾಗೇ ಸಾಗಿಸಿ. ಚೀಲದ ನೀರನ್ನು ಸಿಂಕಿಗೆ ಚೆಲ್ಲಿ, ತೊಟ್ಟಿಗೆ ಹಾಕಬೇಡಿ.

ತೊಟ್ಟಿಯಲ್ಲೇ ಹುಟ್ಟಿದ್ದಕ್ಕೂ ಎರಡರಿಂದ ನಾಲ್ಕು ವಾರ ಪ್ರತ್ಯೇಕವಾಸ ತಪ್ಪಿಸಬೇಡಿ. ಬಂದ ದಿನ ತಿನ್ನದಿದ್ದರೆ ಗಾಬರಿಯಿಲ್ಲ. ಮರುದಿನ ಬೆಳಿಗ್ಗೆ ಕರಗಿಸಿ, ಜಾಲರಿಯಲ್ಲಿ ತೊಳೆದ ಮೈಸಿಸ್ ಕೊಡಿ, ಕುದುರೆಗಳು ಇರುವ ಕಡೆಗೇ ಕೊಳವೆಯಿಂದ ಬಿಡಿ. ಬೆಳೆದ ಎರೆಕ್ಟಸ್ ಒಂದು ಹೊತ್ತಿಗೆ ಹದಿನೈದು ಇಪ್ಪತ್ತು ಮೈಸಿಸ್ ತಿನ್ನುತ್ತದೆ. ಅರ್ಧ ಗಂಟೆಯಲ್ಲಿ ಮಿಕ್ಕದ್ದನ್ನು ತೆಗೆಯಿರಿ. ಎರಡನೇ ದಿನವೂ ಮೂತಿ ತಿರುಗಿಸಿದರೆ ಜೀವಂತ ಆರ್ಟೀಮಿಯಾಕ್ಕೆ ಸೆಲ್ಕಾನ್‌ನಂಥ ಪೋಷಕ ತಿನ್ನಿಸಿ ಮೈಸಿಸ್ ಜತೆ ಬೆರೆಸಿ ಕೊಡಿ, ಮತ್ತು ಅವತ್ತೇ ತಳಿಗಾರನಿಗೆ ತಿಳಿಸಿ.

ಕೊನೆಯದಾಗಿ, ಆರ್ಡರ್ ಮಾಡುವ ಮೊದಲು ಊರಿನ ಟಿಕೆಟ್ ತಾರೀಕು ನೋಡಿಕೊಳ್ಳಿ. ಜೂನ್‌ನಲ್ಲೋ ಡಿಸೆಂಬರ್‌ನಲ್ಲೋ ನಾಲ್ಕು ವಾರ ಬೆಂಗಳೂರಿಗೆ ಹೊರಡುವ ಮನೆಯಲ್ಲಿ ಕುದುರೆಗೆ ದಿನಕ್ಕೆರಡು ಸಲ ಮೇವು ಹಾಕುವವರು ಯಾರು? ತಾನಾಗಿ ಒಣಮೇವಿನ ಹರಳು ಉದುರಿಸುವ ಯಂತ್ರ ಇದಕ್ಕೆ ಬಾರದು. ಕೀಲಿ ಕೊಡಬಹುದಾದ ಪಕ್ಕದ ಮನೆಯವರಿದ್ದರೆ ಒಂದೊಂದು ಹೊತ್ತಿನ ಮೈಸಿಸನ್ನು ಮಂಜುಗಡ್ಡೆಯ ಟ್ರೇಯ ಒಂದೊಂದು ಗುಳಿಯಲ್ಲಿ ಅಳೆದಿಟ್ಟು, ಹೋಗುವ ವಾರದ ಮೊದಲೇ ಅವರ ಕೈಯಲ್ಲಿ ನಾಲ್ಕು ಸಲ ಹಾಕಿಸಿ ನೋಡಿ. ಅಂಥವರಿಲ್ಲವೆಂದರೆ ಊರಿಂದ ಬಂದ ಮೇಲೇ ತರಿಸಿ.